ಬಾಯಿಗೆ ಬಂದದ್ದು, ಕಿವಿಗೆ ಬಿದ್ದದ್ದು

ಮಾತು, ದನಿ, ಕಿವಿ: ಈ ಸಲ ಓದುಗರ ಪ್ರಶ್ನೆಗಳಿಗೆ ಮೈಸೂರಿನ ನಿವೃತ್ತ ಸ್ಪೀಚ್ ಥೆರಪಿಸ್ಟ್ ಒಬ್ಬರು ಉತ್ತರಿಸಿದ್ದಾರೆ.

ಸಂಪಾದಕರು ಕಳಿಸಿದ ಪತ್ರಗಳ ಕಟ್ಟು ಬಿಚ್ಚಿದರೆ ಮುಕ್ಕಾಲು ಪಾಲು ನಾಲಿಗೆಯ ಮೇಲಿನ ದೂರು. ನಾಲಿಗೆ ಹೊರಳಲ್ಲ, ನಾಲಿಗೆ ತಡವರಿಸುತ್ತೆ, ನಾಲಿಗೆ ದಪ್ಪ. ಆಸ್ಪತ್ರೆಯಲ್ಲಿ ಇದ್ದಷ್ಟು ದಿನವೂ ನಾನು ಇದನ್ನೇ ಕೇಳಿದ್ದು. ಬಂದವರು ಕೂತ ಕೂಡಲೇ ಬಾಯಿ ತೆರೆದು ನಾಲಿಗೆ ಚಾಚುತ್ತಿದ್ದರು. ನಾನು ಮೊದಲು ಕಿವಿ ಪರೀಕ್ಷೆಗೆ ಬರೆದುಕೊಡುತ್ತಿದ್ದೆ. ಕೆಲವರಿಗೆ ಬೇಜಾರಾಗುತ್ತಿತ್ತು. ಇರಲಿ, ಪ್ರಶ್ನೆಗಳಿಗೆ ಹೋಗೋಣ.

ನಾನು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ವಾರ್ಷಿಕೋತ್ಸವದ ದಿನ ಮೈಕ್ ಹಿಡಿದು 'ಎಲ್ಲರೂ ತಿಂಡಿ ಕಾಫಿ ಮುಗಿಸಿಕೊಂಡು ಬನ್ನಿ' ಎನ್ನಲು ಹೋಗಿ 'ಕಿಂಡಿ ತಾಫಿ ಮುಗಿಸಿಕೊಂಡು ಬನ್ನಿ' ಎಂದುಬಿಟ್ಟೆ. ಅವತ್ತಿನಿಂದ ಹುಡುಗರ ಬಾಯಲ್ಲಿ ನಾನು ಕಿಂಡಿ ಮೇಷ್ಟ್ರು. ಮೊನ್ನೆ ಮನೆಯಲ್ಲೂ 'ಚೀಲದಲ್ಲಿ ಅಕ್ಕಿ ಹಾಕು' ಎನ್ನುವ ಬದಲು 'ಅಕ್ಕಿಯಲ್ಲಿ ಚೀಲ ಹಾಕು' ಎಂದೆ. ಮೆದುಳಿಗೆ ಏನಾದರೂ ಆಗಿದೆಯಾ?
– ಓದುಗರು, ಶಿವಮೊಗ್ಗ ಜಿಲ್ಲೆ

ಮೇಷ್ಟ್ರೇ, ಮೆದುಳಿಗೆ ಏನೂ ಆಗಿಲ್ಲ. ಅದು ಎಷ್ಟು ಚುರುಕಾಗಿದೆ ಅನ್ನುವುದಕ್ಕೆ ನೀವೇ ಎರಡು ಸಾಕ್ಷಿ ಕಳಿಸಿದ್ದೀರಿ. ಲೆಕ್ಕದವರಾದ್ದರಿಂದ ಹಂತ ಹಂತವಾಗಿ ಬಿಡಿಸೋಣ.

ಮೊದಲು 'ಕಿಂಡಿ ತಾಫಿ'. ತಿಂಡಿಯ ತಕಾರ ಕಾಫಿಗೆ ಹೋಯಿತು, ಕಾಫಿಯ ಕಕಾರ ತಿಂಡಿಗೆ ಬಂತು. ಸ್ವರಗಳು ಮಾತ್ರ ಕದಲಲಿಲ್ಲ. ಸ್ಲೇಟಿನ ಮೇಲೆ ನಾವು 'ತಿ' ಎಂದು ಒಂದೇ ಅಕ್ಷರ ಬರೆಯುತ್ತೇವೆ. ಮನಸ್ಸೂ ಹಾಗೇ ಇಟ್ಟುಕೊಂಡಿದ್ದರೆ 'ತಿ' ಮತ್ತು 'ಕಾ' ಇಡಿಯಾಗಿ ಅದಲುಬದಲಾಗಿ 'ಕಾಂಡಿ ತಿಫಿ' ಎಂದು ಬರಬೇಕಿತ್ತು. ಬರಲಿಲ್ಲ. ಅಂದರೆ ಬಾಯಿಗೆ ಬರುವ ಮುಂಚೆ ಒಳಗೆಲ್ಲೋ ತ್ ಬೇರೆ, ಇ ಬೇರೆ ಇದ್ದವು. ವ್ಯಂಜನದ ಜಾಗಕ್ಕೆ ವ್ಯಂಜನವೇ ಬಂತು. ಅದೂ ಪದದ ಮೊದಲಿನ ವ್ಯಂಜನದ ಜಾಗಕ್ಕೆ ಇನ್ನೊಂದು ಪದದ ಮೊದಲಿನದೇ. ಹೀಗೆ ನಾಲಿಗೆ ತಪ್ಪುವುದರಲ್ಲೂ ಒಂದು ಶಿಸ್ತು ಇದೆ. ಬಾಯಿಗೆ ಬಂದಂತೆ ಮಾತಾಡುತ್ತಾನೆ ಅಂತ ಬೈಯುತ್ತೇವಲ್ಲ, ನಿಜವಾಗಿ ಬಾಯಿಗೆ ಬಂದಂತೆ ಮಾತಾಡುವುದು ಯಾರಿಂದಲೂ ಆಗುವುದಿಲ್ಲ.

ಇನ್ನೊಂದು ಗಮನಿಸಿ. 'ತಿಂಡಿ' ಎಂದು ಬಾಯಿ ತೆರೆಯುವ ಹೊತ್ತಿಗೆ ಕಾಫಿಯ ಕಕಾರ ಆಗಲೇ ತಯಾರಾಗಿ ನಿಂತಿರದಿದ್ದರೆ ಅದು ಮುಂದಕ್ಕೆ ನುಗ್ಗುವುದಾದರೂ ಹೇಗೆ? ಮಾಮೂಲಿ ಮಾತಿನಲ್ಲಿ ಸೆಕೆಂಡಿಗೆ 10ರಿಂದ 15 ಧ್ವನಿಗಳು ಹೊರಡುತ್ತವೆ. ಒಂದು ಮುಗಿದ ಮೇಲೆ ಇನ್ನೊಂದನ್ನು ಹುಡುಕುತ್ತಾ ಕೂತರೆ ಈ ವೇಗ ಬರುವುದಿಲ್ಲ. ಒಂದು ಪದ ಆಡುತ್ತಿರುವಾಗಲೇ ಮುಂದಿನದು ಜೋಡಣೆಯಾಗುತ್ತಿರುತ್ತದೆ.

ಈಗ 'ಅಕ್ಕಿಯಲ್ಲಿ ಚೀಲ'. ಇದು ನನಗೆ ಇನ್ನೂ ಇಷ್ಟವಾಯಿತು. ಚೀಲವೂ ಅಕ್ಕಿಯೂ ಜಾಗ ಬದಲಿಸಿದವು, 'ಅಲ್ಲಿ' ಮಾತ್ರ ಇದ್ದಲ್ಲೇ ಇತ್ತು. ಸುಮ್ನೆ ಇರಲಿಲ್ಲ. ಚೀಲದ ಜೊತೆ ಇದ್ದಾಗ ನಡುವೆ ದಕಾರ: ಚೀಲದಲ್ಲಿ. ಅಕ್ಕಿ ಬಂದ ತಕ್ಷಣ ಯಕಾರ: ಅಕ್ಕಿಯಲ್ಲಿ. 'ಅಕ್ಕಿದಲ್ಲಿ ಚೀಲ ಹಾಕು' ಎಂದು ನೀವು ಹೇಳಲಿಲ್ಲ ನೋಡಿ. ಪದಗಳು ಅದಲುಬದಲಾದ ಮೇಲೆ, ಬಾಯಿಗೆ ಬರುವ ಮುಂಚೆ, ಮನಸ್ಸು ವಿಭಕ್ತಿಯನ್ನು ಹೊಸ ಪದಕ್ಕೆ ಹೊಂದಿಸಿದೆ. ಮೊದಲ ಹಂತದಲ್ಲಿ ಎಡವಟ್ಟಾಯಿತು, ಮುಂದಿನ ಹಂತ ಅದೇನೂ ಗೊತ್ತಿಲ್ಲದೆ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಿತು. ನಿಮ್ಮ ಶಾಲೆಯ ಕನ್ನಡ ಪಂಡಿತರಿಗೆ ಹೇಳಿ, ಯಕಾರಾಗಮ ಸಂಧಿ ಇರುವುದು ಬರೀ ಪರೀಕ್ಷೆಗಲ್ಲ ಅಂತ.

ಇಂಥ ತಪ್ಪುಗಳನ್ನು ಬರೆದಿಟ್ಟುಕೊಳ್ಳುವ ಹುಚ್ಚು ಹಳೆಯದು. ವಿಯೆನ್ನಾದಲ್ಲಿ ಮೆರಿಂಗರ್ ಎಂಬ ಭಾಷಾಪಂಡಿತ ಮೇಯರ್ ಎಂಬ ವೈದ್ಯರ ಜೊತೆ ಸೇರಿ 1895ರಲ್ಲೇ ಜರ್ಮನ್ ಮಾತಿನ ತಪ್ಪುಗಳ ದೊಡ್ಡ ಸಂಗ್ರಹ ಅಚ್ಚು ಹಾಕಿಸಿದ್ದ. ಲಾಸ್ ಏಂಜಲೀಸ್‌ನ ವಿಕ್ಟೋರಿಯಾ ಫ್ರಾಮ್‌ಕಿನ್ 1971ರಲ್ಲಿ ಇಂಥ ತಪ್ಪುಗಳನ್ನೇ ಹಿಡಿದು, ಮಾತು ತಯಾರಾಗುವ ಹಂತಗಳನ್ನು ಒಂದೊಂದಾಗಿ ತೋರಿಸಿದರು. 1975ರಲ್ಲಿ ಅಮೆರಿಕದ ಇನ್ನು ಮೂವರು ಪ್ರಯೋಗಶಾಲೆಯಲ್ಲಿ ಬೇಕಂತಲೇ ಜನರ ನಾಲಿಗೆ ತಪ್ಪಿಸಿ ನೋಡಿದರು. ತಪ್ಪಿ ಬಂದದ್ದು ಅರ್ಥವಿರುವ ಪದವಾದರೆ ಅಂಥ ತಪ್ಪು ಜಾಸ್ತಿ, ಅರ್ಥವಿಲ್ಲದ್ದಾದರೆ ಕಡಿಮೆ. ಮಾತು ಹೊರಬೀಳುವ ಮುಂಚೆ ಒಳಗೇ ಒಂದು ತಪಾಸಣೆ ನಡೆಯುತ್ತದೆ. 'ಕಿಂಡಿ' ಕನ್ನಡದ್ದೇ ಪದವಾದ್ದರಿಂದ ಸುಲಭವಾಗಿ ನುಸುಳಿತು.

ಆಕ್ಸ್‌ಫರ್ಡಿನ ನ್ಯೂ ಕಾಲೇಜಿನಲ್ಲಿ ಸ್ಪೂನರ್ ಎಂಬ ಪಾದ್ರಿ ಇದ್ದರು. 1930ರಲ್ಲಿ ತೀರಿಕೊಂಡರು. ಇಂಥ ತಪ್ಪುಗಳಿಗೆ ಇಂಗ್ಲಿಷಿನಲ್ಲಿ ಅವರ ಹೆಸರೇ ಉಳಿದಿದೆ. ಅವರ ಹೆಸರಿನಲ್ಲಿ ಓಡಾಡುವ ತಮಾಷೆಗಳಲ್ಲಿ ಬಹುಪಾಲು ಹುಡುಗರು ಕಟ್ಟಿದ್ದಂತೆ. ನಿಮ್ಮ ಹೆಸರಿಗೂ ಇನ್ನಷ್ಟು ಸೇರುತ್ತವೆ, ಸಿದ್ಧವಾಗಿರಿ.

ಸೊಸೆ ಲಖನೌ ಹುಡುಗಿ. ಕನ್ನಡ ಮುದ್ದಾಗಿ ಕಲಿತಿದ್ದಾಳೆ. ಆದರೆ 'ನಮ್ಮ ಅತ್ತೆ ಹಲ್ಲಿಯಿಂದ ಬಂದಿದ್ದಾರೆ' ಅನ್ನುತ್ತಾಳೆ. ಊಟಕ್ಕೆ ಕೂತವರಿಗೆ 'ಹುಲಿ ಬಡಿಸಲಾ?' ಅನ್ನುತ್ತಾಳೆ. ಹಳ್ಳಿ, ಹುಳಿ ಅಂತ ತಿದ್ದಿದರೆ 'ಅದನ್ನೇ ತಾನೇ ನಾನೂ ಹೇಳಿದ್ದು' ಅನ್ನುತ್ತಾಳೆ. ಬೇಕಂತಲೇ ಹೀಗೆ ಮಾಡುತ್ತಾಳಾ, ಇಲ್ಲಾ ನಾಲಿಗೆ ಹೊರಳಲ್ವಾ?
– ಓದುಗರು, ಬೆಂಗಳೂರು

ಅಮ್ಮಾ, ಎರಡೂ ಅಲ್ಲ. 'ಅದನ್ನೇ ತಾನೇ ನಾನೂ ಹೇಳಿದ್ದು' ಅನ್ನುವ ಮಾತಿನಲ್ಲೇ ಉತ್ತರ ಇದೆ. ಅವಳಿಗೆ ನಿಮ್ಮ ಳಕಾರವೂ ತನ್ನ ಲಕಾರವೂ ಒಂದೇ ಆಗಿ ಕೇಳಿಸುತ್ತಿವೆ. ನಿಜವಾಗಿಯೂ. ಕಿವಿಗೆ ಸದ್ದು ಬೀಳುತ್ತದೆ, ಮನಸ್ಸು ಎರಡನ್ನೂ ಲಕಾರದ ಲೆಕ್ಕಕ್ಕೇ ಹಾಕುತ್ತದೆ.

ಏಳುನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ನಮ್ಮ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಹೇಳಿದ್ದಾನೆ: ದೇಹ ವಾದ್ಯ, ನಾಲಿಗೆ ಅದನ್ನು ನುಡಿಸುವ ಕೋಲು, ನುಡಿಸುವವನು ಆತ್ಮ, ಅವನ ಮನಸ್ಸು ಹೋದಂತೆ ಶಬ್ದ. ತಪ್ಪು ತಾಳ ಬಂದಾಗ ನಾವು ಕೋಲನ್ನು ಬೈಯುತ್ತೇವೆ.

ಇದನ್ನು ಹಿಂದಿಯ ಟ-ತ ಇಟ್ಟುಕೊಂಡೇ ಪರೀಕ್ಷೆ ಮಾಡಿದ್ದಾರೆ. ಕೆನಡಾದ ವ್ಯಾಂಕೂವರ್‌ನಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಕೆಲಸ. ಮಗುವನ್ನು ತಾಯಿಯ ತೊಡೆಯ ಮೇಲೆ ಕೂರಿಸಿ 'ತ ತ ತ ತ' ಎಂದು ಕೇಳಿಸುತ್ತಾರೆ. ಸದ್ದು 'ಟ'ಗೆ ಬದಲಾದಾಗ ಮಗು ಪಕ್ಕಕ್ಕೆ ತಿರುಗಿದರೆ ಅಲ್ಲೊಂದು ಗೊಂಬೆ ಬೆಳಕಾಗಿ ಕುಣಿಯುತ್ತದೆ. ಮಗುವಿಗೆ ಖುಷಿ. ವ್ಯತ್ಯಾಸ ಕೇಳಿಸಿದರೆ ತಿರುಗುತ್ತದೆ, ಕೇಳಿಸದಿದ್ದರೆ ಇಲ್ಲ. ಬರೀ ಇಂಗ್ಲಿಷ್ ಆಡುವ ಮನೆಯ ಮಕ್ಕಳು 6ರಿಂದ 8 ತಿಂಗಳಲ್ಲಿ ಬಹುಪಾಲು ತಿರುಗಿದವು. 10-12 ತಿಂಗಳ ಹೊತ್ತಿಗೆ ತಿರುಗಿದ ಮಕ್ಕಳು ಬೆರಳೆಣಿಕೆಯಷ್ಟು. ಹಿಂದಿ ಮನೆಯ ಮಕ್ಕಳಿಗೆ ಅದು ಹಾಗೇ ಉಳಿಯಿತು. ಮಗು ಮೊದಲ ಹುಟ್ಟುಹಬ್ಬದ ಕೇಕ್ ಕತ್ತರಿಸುವ ಮುಂಚೆಯೇ, ಯಾವ ವ್ಯತ್ಯಾಸ ಬೇಕು, ಯಾವುದು ಬೇಡ ಅಂತ ಮನಸ್ಸು ವಿಂಗಡಿಸಿ ಮುಗಿಸಿರುತ್ತದೆ. ಲಖನೌ ಹಿಂದಿಗೆ ಟ-ತ ಬೇಕು, ಳ ಬೇಡ.

ನಿಮಗೂ ಒಂದು ಪರೀಕ್ಷೆ. ಪಕ್ಕದಲ್ಲಿ ಮಲಯಾಳಿಗಳು ಯಾರಾದರೂ ಇದ್ದರೆ ಮಳೆಗೆ ಅವರು ಏನೆನ್ನುತ್ತಾರೆ ಅಂತ ಹೇಳಿಸಿ, 'ಮೞ'. ಆ ೞ ಹಳಗನ್ನಡದಲ್ಲಿ ನಮಗೂ ಇತ್ತು, ಬಿಟ್ಟುಬಿಟ್ಟೆವು. ಈಗ ನಮ್ಮಲ್ಲಿ ಹೆಚ್ಚಿನವರಿಗೆ ಅದು ಬರೀ 'ಮಳ' ಎಂದೇ ಕೇಳಿಸುತ್ತದೆ. ನೀವು ಹೇಳಿದ್ದಕ್ಕೆ ಅವರು ತಲೆಯಾಡಿಸಿ 'ಅಲ್ಲ' ಎಂದಾಗ, 'ಅದನ್ನೇ ತಾನೇ ನಾನೂ ಹೇಳಿದ್ದು' ಎಂದು ನಿಮ್ಮ ಬಾಯಿಂದಲೂ ಬರುತ್ತದೆ.

ಸರಿಹೋಗುತ್ತದಾ? ಖಂಡಿತ. ಆದರೆ ನಾಲಿಗೆಯಿಂದ ಶುರು ಮಾಡಬೇಡಿ. ಜಪಾನೀಯರಿಗೆ ಇಂಗ್ಲಿಷಿನ ರ-ಲ ವ್ಯತ್ಯಾಸ ಕೇಳಿಸುವುದು ಕಷ್ಟ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದವರು 1991ರಲ್ಲಿ ಬೇರೆ ಬೇರೆ ಜನರ ದನಿಯಲ್ಲಿ, ಬೇರೆ ಬೇರೆ ಪದಗಳಲ್ಲಿ ಈ ಧ್ವನಿಗಳನ್ನು ಕೇಳಿಸಿ, ಒಡನೆಯೇ ಸರಿ-ತಪ್ಪು ತಿಳಿಸುತ್ತಾ ಹೋದಾಗ ದೊಡ್ಡವರ ಕಿವಿಯೂ ಪಳಗಿತು. ನೀವೂ ಮಾಡಿ. ನೀವು, ಯಜಮಾನರು, ಮಗ, ಎದುರು ಮನೆಯವರು, ನಾಲ್ಕೈದು ದನಿಗಳಲ್ಲಿ ಫೋನಿಗೆ ರೆಕಾರ್ಡ್ ಮಾಡಿ: ಹಲ್ಲಿ-ಹಳ್ಳಿ, ಹುಲಿ-ಹುಳಿ, ಬೆಲೆ-ಬೆಳೆ, ಕೊಲೆ-ಕೊಳೆ, ಕಲ್ಲು-ಕಳ್ಳು. ಅವಳು ಕೇಳಿ ಯಾವುದು ಅಂತ ಹೇಳಲಿ ಸಾಕು, ಉಚ್ಚರಿಸುವುದು ಬೇಡ. ಹತ್ತಕ್ಕೆ ಎಂಟೊಂಬತ್ತು ಸರಿ ಬರಲು ಶುರುವಾದ ಮೇಲೆ ನಾಲಿಗೆಗೆ ಬನ್ನಿ. ಲಕಾರಕ್ಕೆ ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದೆ ತಾಗುತ್ತದೆ. ಳಕಾರಕ್ಕೆ ತುದಿ ಹಿಂದಕ್ಕೆ ಮಡಚಿ, ಅದರ ಕೆಳಭಾಗ ಅಂಗುಳಕ್ಕೆ ತಾಗಬೇಕು. ಅಲ್ಲಿಯ ತನಕ ಹುಲಿಯನ್ನೇ ಬಡಿಸಿಕೊಂಡು ಊಟ ಮಾಡಿ.

ನನ್ನದು ಮಂಡ್ಯ ಕಡೆ. ಬೆಂಗಳೂರಿನ ಆಫೀಸಿನಲ್ಲಿ 'ಓಗ್ತೀನಿ', 'ಆಲು' ಅಂದರೆ ಮುಸಿಮುಸಿ ನಗುತ್ತಾರೆ. ಸರಿಮಾಡಿಕೊಳ್ಳಲು ಹೋಗಿ ಮೀಟಿಂಗಿನಲ್ಲಿ 'ಹಾಫೀಸು' ಅಂದುಬಿಟ್ಟೆ. ಮಾನ ಹೋಯಿತು.
– ಓದುಗರು, ಮದ್ದೂರು

ಮಾನ ಹೋಗುವಂಥದ್ದು ಏನೂ ಇಲ್ಲಪ್ಪ. ಒಂದು ಕಾಲಕ್ಕೆ ಕನ್ನಡದಲ್ಲಿ ಅದು 'ಪಾಲ್', 'ಪೋಗು'. ನಡುಗನ್ನಡದ ಹೊತ್ತಿಗೆ ಪಕಾರ ಸಡಿಲವಾಗಿ ಹಾಲು, ಹೋಗು ಆಯಿತು. ನಿಮ್ಮ ಕಡೆಯವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹಕಾರವನ್ನೂ ಬಿಟ್ಟರು. ಫ್ರೆಂಚರೂ ಬಿಟ್ಟಿದ್ದಾರೆ, ಲಂಡನ್ನಿನ ಕೂಲಿಕಾರರೂ ಬಿಟ್ಟಿದ್ದಾರೆ. ನಗುವವರನ್ನು ಕೇಳಿ, ಅವರು 'ಪಾಲು' ಯಾಕೆ ಬಿಟ್ಟರು ಅಂತ.

'ಹಾಫೀಸು' ಬಂದದ್ದು ಹೇಗೆ ಅನ್ನುವುದು ಮಾತ್ರ ಕುತೂಹಲದ ವಿಷಯ. ನಿಮ್ಮ ಮನಸ್ಸಿನಲ್ಲಿ ಹಾಲೂ ಆಕಾಶವೂ ಒಂದೇ ಬಗೆಯ ಸ್ವರದಿಂದ ಶುರುವಾಗುತ್ತವೆ. ಯಾವುದಕ್ಕೆ ಹಕಾರ ಉಂಟು, ಯಾವುದಕ್ಕೆ ಇಲ್ಲ ಅನ್ನುವ ಗುರುತು ಚಿಕ್ಕಂದಿನಲ್ಲಿ ಬೀಳಲೇ ಇಲ್ಲ. ಮೀಟಿಂಗಿನ ಗಡಿಬಿಡಿಯಲ್ಲಿ 'ಹಕಾರ ಸೇರಿಸು' ಅನ್ನುವ ಆಜ್ಞೆ ಹೊರಟಿತು, ಎಲ್ಲಿಗೆ ಅಂತ ಗೊತ್ತಾಗದೆ ಸಿಕ್ಕ ಸ್ವರಕ್ಕೆ ಅಂಟಿಕೊಂಡಿತು. ಹಕಾರ ಎಲ್ಲಿ ಬರಬೇಕು ಅಂತ ನಿಯಮವಾಗಿ ಕಲಿಯಲು ಹೋಗಬೇಡಿ. ದಿನಾ ಬಳಸುವ ಪದಗಳನ್ನು ಒಂದೊಂದಾಗಿ ಕಲಿಯಿರಿ. ಅದೂ ವಾರ್ತೆ ಓದುವ ಕೆಲಸಕ್ಕೋ, ವೇದಿಕೆಗೋ ಬೇಕಾದರೆ ಮಾತ್ರ. 'ಅವನಿಗೆ ಏಳು' ಅಂದರೆ ನಿಮ್ಮೂರಿನಲ್ಲಿ ಯಾರೂ ಎದ್ದು ನಿಲ್ಲುವುದಿಲ್ಲ, ಏಳು ಎಣಿಸುವುದೂ ಇಲ್ಲ. ಅಕ್ಕಪಕ್ಕದ ಪದ ನೋಡಿ ಮನಸ್ಸು ತೀರ್ಮಾನಿಸುತ್ತದೆ. ಇದೊಂದಕ್ಕೆ ಮಕ್ಕಳ ಕೈಗೆ ಬೆತ್ತದಿಂದ ಬಾರಿಸಿದ ಮೇಷ್ಟ್ರುಗಳ ಕಥೆ ಎಷ್ಟೋ ಕೇಳಿದ್ದೇನೆ. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ನಮ್ಮ ಅಜ್ಜಿ 'ಕನ್ನಡಕ ಕೊಡು, ನೀನು ಹೇಳೋದು ಕೇಳಿಸ್ತಿಲ್ಲ' ಅನ್ನುತ್ತಾರೆ. ಮನೆಯವರೆಲ್ಲ ನಗುತ್ತೇವೆ. ಕಿವಿ ದೂರ ಏನಿಲ್ಲ, ಕುಕ್ಕರ್ ಸೀಟಿ ಕೇಳಿಸುತ್ತದೆ. ಏನಿದು?
– ಓದುಗರು, ಚಿಕ್ಕಮಗಳೂರು

ಅಜ್ಜಿ ಸರಿ, ನೀವು ತಪ್ಪು. ಮಾತು ಕೇಳಿಸಿಕೊಳ್ಳುವ ಕೆಲಸದಲ್ಲಿ ಕಣ್ಣಿಗೂ ಪಾಲಿದೆ. 1976ರಲ್ಲಿ ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮೆಕ್‌ಡೊನಾಲ್ಡ್ ಎಂಬ ಇಬ್ಬರು ಒಂದು ಫಿಲ್ಮ್ ತಯಾರಿಸಿದರು. ಪರದೆಯ ಮೇಲೆ ಹೆಂಗಸಿನ ತುಟಿ 'ಗಾ' ಅನ್ನುತ್ತದೆ, ಸ್ಪೀಕರಿನಿಂದ 'ಬಾ' ಬರುತ್ತದೆ. ನೋಡಿದವರಿಗೆ ಕೇಳಿಸಿದ್ದು ಎರಡೂ ಅಲ್ಲ, 'ಡಾ'. ಕಣ್ಣು ಮುಚ್ಚಿದರೆ ಮತ್ತೆ 'ಬಾ'. ಮೋಸ ಗೊತ್ತಾದ ಮೇಲೂ ಅದು 'ಡಾ' ಎಂದೇ ಕೇಳಿಸುತ್ತದೆ. ಯೂಟ್ಯೂಬಿನಲ್ಲಿ ಇದರ ವಿಡಿಯೋಗಳು ಸಿಗುತ್ತವೆ, ಮನೆಯವರೆಲ್ಲ ಕೂತು ನೋಡಿ. ಆಮೇಲೆ ಅಜ್ಜಿಯ ಹತ್ತಿರ ಕ್ಷಮೆ ಕೇಳಿ.

ಆದರೆ ಕಿವಿ ಪರೀಕ್ಷೆ ಮಾಡಿಸಿ. ವಯಸ್ಸಾದಂತೆ ಮೊದಲು ಹೋಗುವುದು ಕೀಚಲು ದನಿಗಳು. ಸ, ಶ, ತ, ಕ, ಇಂಥ ವ್ಯಂಜನಗಳ ಗುರುತು ಇರುವುದು ಅಲ್ಲೇ. ಸ್ವರಗಳು ಗಟ್ಟಿಯಾಗೇ ಕೇಳಿಸುತ್ತಿರುತ್ತವೆ. ಹಾಗಾಗಿ 'ಸದ್ದು ಕೇಳಿಸುತ್ತೆ, ಏನಂದ್ರಿ ಅಂತ ಗೊತ್ತಾಗಲ್ಲ' ಅನ್ನುತ್ತಾರೆ. ನೀವು ಕಿರುಚಿದರೆ ಜೋರಾಗುವುದೂ ಸ್ವರಗಳೇ. ಬೇಕಾದ ವ್ಯಂಜನ ಇನ್ನೂ ಮುಳುಗುತ್ತದೆ, ಅಜ್ಜಿಗೆ ಮೊಮ್ಮಗ ಬೈಯುತ್ತಿದ್ದಾನೆ ಅನ್ನಿಸುವುದು ಬೇರೆ. ಹತ್ತಿರ ಬಂದು, ಮುಖಕ್ಕೆ ಬೆಳಕು ಬೀಳುವಂತೆ ಕೂತು, ಟಿವಿ ಆರಿಸಿ, ಸ್ವಲ್ಪ ನಿಧಾನಕ್ಕೆ ಹೇಳಿ. ಎರಡನೇ ಸಲವೂ ಗೊತ್ತಾಗದಿದ್ದರೆ ಅದೇ ಪದ ಒತ್ತಿ ಒತ್ತಿ ಹೇಳಬೇಡಿ, ಬೇರೆ ಪದದಲ್ಲಿ ಹೇಳಿ.

ಬಿಟ್ಟುಹೋದದ್ದನ್ನು ತುಂಬಿಕೊಳ್ಳುವುದರಲ್ಲಿ ಮನಸ್ಸು ಬಲೇ ಜಾಣ. ಅಮೆರಿಕದ ರಿಚರ್ಡ್ ವಾರೆನ್ 1970ರಲ್ಲಿ ಒಂದು ವಾಕ್ಯದೊಳಗಿನ ಸಕಾರವನ್ನು ಪೂರ್ತಿ ಕತ್ತರಿಸಿ, ಆ ಜಾಗದಲ್ಲಿ ಒಂದು ಕೆಮ್ಮು ಸೇರಿಸಿದರು. ಕೇಳಿದ 20 ಜನರಲ್ಲಿ 19 ಮಂದಿ 'ಏನೂ ಬಿಟ್ಟುಹೋಗಿಲ್ಲ' ಎಂದರು. ಕೆಮ್ಮು ವಾಕ್ಯದ ಯಾವ ಜಾಗದಲ್ಲಿ ಬಂತು ಅಂತಲೂ ಸರಿಯಾಗಿ ಹೇಳಲಾಗಲಿಲ್ಲ. ಕೆಂಪು ಬಸ್ಸಿನ ಆ ಗದ್ದಲದಲ್ಲೂ ಕಂಡಕ್ಟರ್ ಹೇಳಿದ ಸ್ಟಾಪ್ ನಿಮಗೆ ತಿಳಿಯುವುದು ಹೀಗೆ. ಇಳಿಯುವ ಊರು ಗೊತ್ತಿದ್ದವರಿಗೆ ಅರ್ಧ ಸದ್ದು ಸಾಕು. ಹೊಸ ಊರಿಗೆ ಹೋದವರು ಮೂರು ಸಲ ಕೇಳುತ್ತಾರೆ.

ನಮ್ಮ ತಂದೆಯವರಿಗೆ ಲಕ್ವಾ ಹೊಡೆದು ಬಲಗೈ ಬಿದ್ದಿದೆ, ಮಾತು ಹೋಗಿದೆ. ನಾವು ಹೇಳಿದ್ದು ತಿಳಿಯುತ್ತದೆ. 'ನೀರು' ಅನ್ನಲು ಒದ್ದಾಡುತ್ತಾರೆ, ಬರುವುದಿಲ್ಲ. ಆದರೆ ಸಂಜೆ ಭಜನೆಗೆ ಕೂತರೆ ಎರಡು ಪದ ಪೂರ್ತಿ ಹಾಡುತ್ತಾರೆ. ಸಿಟ್ಟು ಬಂದರೆ ಬೈಗುಳವೂ ಸಲೀಸು. ಹಟಕ್ಕೆ ಮಾತಾಡುತ್ತಿಲ್ಲ ಅಂತಾನೆ ನಮ್ಮಣ್ಣ.
– ಓದುಗರು, ಧಾರವಾಡ ಜಿಲ್ಲೆ

ಹಟ ಅಲ್ಲರೀ. ನಿಮ್ಮಣ್ಣನಿಗೆ ಈ ಉತ್ತರ ಓದಿ ಹೇಳಿ.

1861ರಲ್ಲಿ ಪ್ಯಾರಿಸ್ಸಿನ ಆಸ್ಪತ್ರೆಯಲ್ಲಿ ಪಾಲ್ ಬ್ರೋಕಾ ಎಂಬ ವೈದ್ಯರ ಹತ್ತಿರ ಲೆಬೋರ್ನ್ ಎಂಬ ರೋಗಿ ಬಂದ. ಎಷ್ಟೋ ವರ್ಷದಿಂದ ಅವನ ಬಾಯಲ್ಲಿ ಬರುತ್ತಿದ್ದುದು 'ಟಾನ್ ಟಾನ್' ಒಂದೇ. ಆಸ್ಪತ್ರೆಯಲ್ಲಿ ಅವನ ಹೆಸರೇ ಟಾನ್ ಆಗಿತ್ತು. ಹೇಳಿದ್ದು ಅವನಿಗೆ ತಿಳಿಯುತ್ತಿತ್ತು. ತಾನು ಹೇಳುವುದು ಬೇರೆಯವರಿಗೆ ತಿಳಿಯದೆ ರೇಗಿಹೋದಾಗ ಮಾತ್ರ ಒಂದು ಬೈಗುಳ ಸ್ಪಷ್ಟವಾಗಿ ಹೊರಬೀಳುತ್ತಿತ್ತು. ಕೆಲವೇ ದಿನಗಳಲ್ಲಿ ಅವನು ಸತ್ತ. ಬ್ರೋಕಾ ತಲೆ ತೆರೆದು ನೋಡಿದರೆ ಎಡಗಡೆ, ಹಣೆಯ ಹಿಂದಿನ ಭಾಗ ಹಾಳಾಗಿತ್ತು. ನಿಮ್ಮ ತಂದೆಯವರಿಗೆ ಬಲಗೈ ಬಿದ್ದಿದೆ ಎಂದಿದ್ದೀರಿ. ಬಲಗೈಯನ್ನು ಆಡಿಸುವುದು ಮೆದುಳಿನ ಎಡಭಾಗ, ಬಹುಪಾಲು ಜನರಲ್ಲಿ ಮಾತು ಕಟ್ಟುವುದೂ ಅದೇ. ಎರಡಕ್ಕೂ ಒಟ್ಟಿಗೇ ಪೆಟ್ಟು ಬೀಳುವುದು ಅದಕ್ಕೇ.

ಹಾಗಾದರೆ ಭಜನೆ ಹೇಗೆ ಬರುತ್ತದೆ? 'ನೀರು ಬೇಕು' ಅನ್ನುವುದು ಹೊಸ ಮಾತು. ಬೇಕಾದ ಪದ ಹುಡುಕಬೇಕು, ಅದರ ಧ್ವನಿಗಳನ್ನು ಸಾಲಾಗಿ ಜೋಡಿಸಬೇಕು, ಬಾಯಿಗೆ ಕಳಿಸಬೇಕು. ಆ ದಾರಿ ಈಗ ಕಡಿದಿದೆ. ನಲವತ್ತು ವರ್ಷ ಹಾಡಿದ ಪದ ಹಾಗಲ್ಲ. ಅದನ್ನು ಕಟ್ಟಬೇಕಾಗಿಲ್ಲ, ಒಂದು ತುದಿ ಸಿಕ್ಕರೆ ಉಳಿದದ್ದು ತಾನೇ ಬರುತ್ತದೆ. ರಾಗ-ತಾಳದ ಕೆಲಸದಲ್ಲಿ ಮೆದುಳಿನ ಬಲಭಾಗಕ್ಕೂ ಪಾಲಿದೆ, ಅದಕ್ಕೆ ಪೆಟ್ಟು ಬಿದ್ದಿಲ್ಲ. ಬೈಗುಳ, ವಾರದ ಹೆಸರು, ಒಂದರಿಂದ ಹತ್ತು ಎಣಿಸುವುದು, ಇವೂ ಹಾಗೇ. ಒಂದು ಮಾಡಿ ನೋಡಿ. 'ಸೋಮವಾರ, ಮಂಗಳವಾರ' ಎಂದು ನೀವು ಶುರು ಮಾಡಿ. ಅವರು ಮುಂದುವರಿಸಬಹುದು. ಆದರೆ 'ಇವತ್ತು ಯಾವ ವಾರ?' ಎಂದು ಕೇಳಿದರೆ 'ಬುಧವಾರ' ಬಾರದೆ ಹೋಗಬಹುದು. ಅದೇ ಬಾಯಿ, ಅದೇ ನಾಲಿಗೆ, ಅದೇ ಪದ.

ಇದನ್ನೇ ಚಿಕಿತ್ಸೆಗೂ ಬಳಸುತ್ತಾರೆ. 1973ರಲ್ಲಿ ಬಾಸ್ಟನ್ನಿನವರು ಹಾಡಿನ ಧಾಟಿಯಲ್ಲಿ ಮಾತು ತರಿಸುವ ಒಂದು ಕ್ರಮ ಹೊರತಂದರು. ರೋಗಿಯ ಎಡಗೈಯನ್ನು ತಾಳ ಹಾಕಿದಂತೆ ಮೇಜಿನ ಮೇಲೆ ಮೆಲ್ಲಗೆ ತಟ್ಟಿಸುತ್ತಾ, 'ನೀ-ರು ಬೇ-ಕು' ಎಂದು ಎರಡೇ ಸ್ವರದಲ್ಲಿ ಗುನುಗಿಸುವುದು. ಮೊದಲು ಜೊತೆಗೆ, ಆಮೇಲೆ ಅರ್ಧ ಬಿಟ್ಟು, ಆಮೇಲೆ ಅವರೊಬ್ಬರೇ. ನಿಧಾನಕ್ಕೆ ರಾಗ ಕಡಿಮೆ ಮಾಡುತ್ತಾ ಮಾತಿಗೆ ತರುವುದು. ಎಲ್ಲರಿಗೂ ಒಂದೇ ಥರ ಫಲ ಕೊಡುವುದಿಲ್ಲ, ಆದರೆ ತಿಳಿಯುವುದು ಉಳಿದು ಆಡುವುದು ಮಾತ್ರ ಹೋದವರಿಗೇ ಇದು ಹೆಚ್ಚು ಹೊಂದುತ್ತದೆ. ಭಜನೆ ಬರುತ್ತದೆ ಅಂದಮೇಲೆ ಮಾತೂ ತಾನಾಗಿ ಬರುತ್ತದೆ ಅಂತ ಕೂರಬೇಡಿ. ಸ್ಪೀಚ್ ಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋಗಿ, ಅವರು ಕಲಿಸಿದ್ದನ್ನು ಮನೆಯಲ್ಲಿ ದಿನಾ ಮಾಡಿಸಿ.

ಅಲ್ಲಿಯವರೆಗೆ: 'ಏನು ಬೇಕು?' ಅಂತ ಕೇಳಬೇಡಿ. 'ನೀರು ಬೇಕಾ, ಚಹಾ ಬೇಕಾ?' ಅಂತ ಕೇಳಿ, ಎರಡನ್ನೂ ತೋರಿಸಿ. ಉತ್ತರಕ್ಕೆ ಕಾಯಿರಿ, ಅವರ ಬಾಯಿಯ ಮಾತು ನೀವು ಕಸಿದುಕೊಳ್ಳಬೇಡಿ. ಕಿವುಡರ ಹತ್ತಿರ ಮಾತಾಡಿದಂತೆ ಕೂಗಬೇಡಿ. ಮಗುವಿನ ಹತ್ತಿರ ಮಾತಾಡಿದಂತೆ ರಮಿಸಲೂಬೇಡಿ. ಹಿಂದೆ ಹೇಗೋ ಹಾಗೆ ಮನೆಯ ವ್ಯವಹಾರವನ್ನು ಅವರ ಮುಂದೆಯೇ ಆಡಿ, ತಲೆಯಾಡಿಸಿಯಾದರೂ ಅಭಿಪ್ರಾಯ ಹೇಳಲಿ.

ಉಳಿದ ಓದುಗರಿಗೂ ಒಂದು ಮಾತು. ಇದ್ದಕ್ಕಿದ್ದಂತೆ ಮುಖ ಒಂದು ಕಡೆ ವಾಲಿದರೆ, ಕೈ ಸೋತರೆ, ಮಾತು ತೊದಲಿದರೆ ನಿಂಬೆಹಣ್ಣು, ಮಂತ್ರ, ಎಣ್ಣೆ ತಿಕ್ಕುವುದು ಅಂತ ಹೊತ್ತು ಕಳೆಯಬೇಡಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಓಡಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು.

ಮಗನಿಗೆ ಮೂರು ವರ್ಷ. ಮನೆಯಲ್ಲಿ ತುಳು, ಬೀದಿಯಲ್ಲಿ ಕನ್ನಡ, ಬಾಲವಾಡಿಯಲ್ಲಿ ಇಂಗ್ಲಿಷ್. ರವಿ ಅನ್ನಲು 'ಲವಿ' ಅನ್ನುತ್ತಾನೆ. ಒಂದೇ ಭಾಷೆ ಇಟ್ಟುಕೊಳ್ಳಿ, ಮಗುವಿಗೆ ಗೊಂದಲ ಅಂತ ಎಲ್ಲರೂ ಹೇಳುತ್ತಾರೆ.
– ಓದುಗರು, ಪುತ್ತೂರು

ಎಲ್ಲರೂ ಹೇಳಲಿ, ನೀವು ತುಳು ಬಿಡಬೇಡಿ. ಎರಡು-ಮೂರು ಭಾಷೆಯಿಂದ ಮಾತು ತಡವಾಗುವುದಿಲ್ಲ. ಕರಾವಳಿಯಲ್ಲಿ ತಲೆತಲಾಂತರದಿಂದ ಮಕ್ಕಳು ಹೀಗೇ ಬೆಳೆದಿದ್ದಾರೆ. ಒಂದೇ ವಾಕ್ಯದಲ್ಲಿ ಮೂರು ಭಾಷೆ ಬೆರೆಸಿದರೆ ಅದೂ ಸರಿಯೇ, ದೊಡ್ಡವರು ನಾವು ಮಾಡುವುದೂ ಅದೇ ಅಲ್ವಾ?

ರಕಾರ ಮೂರಕ್ಕೆ ಬಾರದಿರುವುದು ಮಾಮೂಲು. ಒಂದು ತಮಾಷೆ ಮಾಡಿ. ನೀವೇ 'ಲವಿ ಎಲ್ಲಿ?' ಅಂತ ಕೇಳಿ. 'ಲವಿ ಅಲ್ಲ, ಲವಿ!' ಅಂತ ಸಿಟ್ಟಾಗುತ್ತಾನೆ. ಅವನ ತಲೆಯಲ್ಲಿರುವುದು ಸರಿಯಾದ ರವಿಯೇ. ನಾಲಿಗೆಗೆ ಇನ್ನೂ ಒದಗಿಲ್ಲ, ಅಷ್ಟೇ. ಇಲ್ಲಿ ಮಾತ್ರ ನಾಲಿಗೆಯನ್ನು ಸ್ವಲ್ಪ ಬೈಯಬಹುದು ನೋಡಿ. ಐದಾರು ವರ್ಷವಾದರೂ ಬಾರದಿದ್ದರೆ ತೋರಿಸಿ.

ಕಾಳಜಿ ಮಾಡಬೇಕಾದ ಮಕ್ಕಳು ಬೇರೆ. ಕರೆದರೆ ತಿರುಗದ ಮಗು, ಎರಡು ವರ್ಷವಾದರೂ 'ಅಮ್ಮ ಬಾ' ಎಂದು ಎರಡು ಪದ ಜೋಡಿಸದ ಮಗು, ಬಂದ ಮಾತು ನಿಂತುಹೋದ ಮಗು. ಅಂಥವರನ್ನು ತಡಮಾಡದೆ ತೋರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೇ ಕೆಲಸ ಮಾಡುತ್ತಿದೆ. ಇನ್ನು ಊಟ ಮಾಡಿಸಲು ಮೊಬೈಲ್ ಕೊಡುವ ವಿಷಯ. ಅಮೆರಿಕದ ಪೆಟ್ರೀಷಿಯಾ ಕೂಲ್ 2003ರಲ್ಲಿ ತೋರಿಸಿದ್ದಾರೆ: ಎದುರಿಗೆ ಕೂತು ಚೀನೀ ಭಾಷೆಯಲ್ಲಿ ಆಡಿಸಿದವರಿಂದ 9 ತಿಂಗಳ ಮಕ್ಕಳು ಅದರ ಧ್ವನಿಗಳನ್ನು ಕಲಿತವು. ಅದೇ ಜನ, ಅದೇ ಮಾತು, ಟಿವಿಯಲ್ಲಿ ಬಂದಾಗ ಏನೂ ಕಲಿಯಲಿಲ್ಲ.

ಯಜಮಾನರು ನನ್ನ ಮಾತು ಮುಗಿಯುವ ಮುಂಚೆಯೇ ಉತ್ತರ ಕೊಡುತ್ತಾರೆ. ಕೇಳಿಸಿಕೊಂಡೇ ಇರುವುದಿಲ್ಲ ಅಂತ ನನ್ನ ವಾದ.
– ಓದುಗರು, ತುಮಕೂರು

ಅರ್ಧ ನಿಮ್ಮ ಕಡೆ, ಅರ್ಧ ಅವರ ಕಡೆ. ಚಿತ್ರವೊಂದನ್ನು ನೋಡಿ ಅದರ ಹೆಸರು ಹೇಳಲು ನಮಗೆ ಅರ್ಧ ಸೆಕೆಂಡಿಗಿಂತ ಜಾಸ್ತಿ ಬೇಕು. ಆದರೆ ಹತ್ತು ಭಾಷೆಗಳ ಹರಟೆಯನ್ನು ಅಳೆದ 2009ರ ಅಧ್ಯಯನವೊಂದರಲ್ಲಿ, ಪ್ರಶ್ನೆ ಮುಗಿದು ಉತ್ತರ ಶುರುವಾಗಲು ಹಿಡಿದ ಹೊತ್ತು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗ. ಅಂದರೆ ಎದುರಿನವರು ಮಾತಾಡುತ್ತಿರುವಾಗಲೇ ನಾವೆಲ್ಲ ಉತ್ತರ ತಯಾರಿಸುತ್ತಿರುತ್ತೇವೆ. ಎಲ್ಲರಿಗಿಂತ ಚುರುಕು ಜಪಾನೀಯರು, ಅವರ ವಾಕ್ಯದಲ್ಲೂ ನಮ್ಮ ಹಾಗೆ ಕ್ರಿಯಾಪದ ಕೊನೆಗೇ. 'ನಾಳೆ ಅಮ್ಮನ ಮನೆಗೆ ಹೋಗಿ ನಾಲ್ಕು ದಿನ ಇದ್ದು...' ಅನ್ನುವಷ್ಟರಲ್ಲಿ ನಿಮ್ಮ ಯಜಮಾನರು ಉಳಿದದ್ದನ್ನು ಊಹಿಸಿ ಮುಗಿಸಿರುತ್ತಾರೆ. 'ಬರ್ತೀನಿ' ಅಂತೀರೋ 'ಬರೋಣ' ಅಂತೀರೋ ಅನ್ನುವುದು ಮಾತ್ರ ಕೊನೆಗೇ ಗೊತ್ತಾಗಬೇಕು. ತಯಾರಿ ಮಾಡಿಕೊಂಡದ್ದಕ್ಕೆ ಅವರನ್ನು ಕ್ಷಮಿಸಿ, ಬಾಯಿ ಹಾಕಿದ್ದಕ್ಕಲ್ಲ.

ಹೆಸರು ನಾಲಿಗೆ ತುದಿಯಲ್ಲೇ ಇರುತ್ತದೆ, ಬರುವುದಿಲ್ಲ. ಮರೆವಿನ ಕಾಯಿಲೆಯಾ? ವಯಸ್ಸು ಅರವತ್ತೈದು.
– ಓದುಗರು, ಹಾಸನ

ಅಲ್ಲ. ಅರ್ಥ ಸಿಕ್ಕಿದೆ, ಸದ್ದು ಸಿಕ್ಕಿಲ್ಲ. ಮನಸ್ಸು ಇವೆರಡನ್ನೂ ಬೇರೆ ಬೇರೆ ಕಡೆ ಇಟ್ಟಿರುತ್ತದೆ. 1966ರಲ್ಲಿ ಹಾರ್ವರ್ಡಿನ ಬ್ರೌನ್ ಮತ್ತು ಮೆಕ್‌ನೀಲ್ ನೋಡಿದ ಹಾಗೆ, ಪದ ಬಾರದಿದ್ದರೂ ಅದರ ಮೊದಲ ಅಕ್ಷರವನ್ನೋ ಉದ್ದವನ್ನೋ ಜನ ಎಷ್ಟೋ ಸಲ ಸರಿಯಾಗಿ ಹೇಳುತ್ತಾರೆ. ವಯಸ್ಸಾದಂತೆ ಇದು ಜಾಸ್ತಿ, ಜನರ ಹೆಸರಿನಲ್ಲಂತೂ ಇನ್ನೂ ಜಾಸ್ತಿ. ಕ-ಕಾ-ಕಿ-ಕೀ ಎಂದು ಬಳ್ಳಿ ಓಡಿಸಿ ನೋಡಿ, ಬಾರದಿದ್ದರೆ ಬಿಟ್ಟುಬಿಡಿ. ಬಚ್ಚಲಿಗೆ ಹೋದಾಗ ತಾನೇ ಬರುತ್ತದೆ.

ವಾಟ್ಸಾಪಿನಲ್ಲಿ ನನ್ನದೇ ಹಾಡು ಕೇಳಿದರೆ ಯಾರೋ ಬೇರೆಯವರ ತೆಳು ದನಿ ಅನ್ನಿಸುತ್ತದೆ. ನಾದಿನಿ 'ನಿನ್ನ ದನಿ ಹಾಗೇ ಇರೋದು' ಅಂತಾಳೆ. ಫೋನ್ ಕೆಟ್ಟಿದೆಯಾ?
– ಓದುಗರು, ಸಾಗರ

ಫೋನ್ ಚೆನ್ನಾಗಿದೆ. ನೀವು ಹಾಡುವಾಗ ನಿಮ್ಮ ದನಿ ಎರಡು ದಾರಿಯಲ್ಲಿ ನಿಮ್ಮ ಕಿವಿಗೆ ಬರುತ್ತದೆ. ಗಾಳಿಯಿಂದ ಒಂದು, ತಲೆಬುರುಡೆಯ ಮೂಳೆಯಿಂದ ಇನ್ನೊಂದು. ಮೂಳೆ ತಗ್ಗಿನ ದನಿಗಳನ್ನು ಚೆನ್ನಾಗಿ ಸಾಗಿಸುವುದರಿಂದ ನಿಮ್ಮ ದನಿ ನಿಮಗೆ ತುಂಬಿಕೊಂಡು ಕೇಳಿಸುತ್ತದೆ. ರೆಕಾರ್ಡಿಗೆ ಹೋಗುವುದು ಗಾಳಿಯದ್ದು ಮಾತ್ರ. ಸಾಗರದವರೆಲ್ಲ ಇಷ್ಟು ವರ್ಷ ಕೇಳಿದ್ದು ಅದನ್ನೇ, ನಾದಿನಿಯೂ ಅದನ್ನೇ. ನಾಲ್ಕು ದಿನ ಕೇಳಿದರೆ ನಿಮಗೂ ಅಭ್ಯಾಸವಾಗುತ್ತದೆ. ಗುಂಪಿಗೆ ಹಾಕುವ ಮುಂಚೆ ಒಂದು ಮಾತ್ರ ವಿಚಾರಿಸಿಕೊಳ್ಳಿ, ಅವಳು ಹೇಳಿದ್ದು ದನಿಯ ಬಗ್ಗೆಯಾ, ಶ್ರುತಿಯ ಬಗ್ಗೆಯಾ ಅಂತ. ಶ್ರುತಿಗೆ ನನ್ನ ಹತ್ತಿರ ಮದ್ದಿಲ್ಲ.